ಎಲಿಜಬೆತ್ ಕೇಳಿದ ಪ್ರಶ್ನೆ

ತತ್ತ್ವಶಾಸ್ತ್ರ ಪರಿಚಯಿಸುವ ಪುಸ್ತಕಗಳಲ್ಲಿ ಹದಿನೇಳನೇ ಶತಮಾನದ ಫ್ರೆಂಚ್ ತತ್ತ್ವಜ್ಞಾನಿ ಡೆಕಾರ್ಟ್ ಅಂದರೆ ‘ಯೋಚಿಸುತ್ತೇನೆ, ಆದ್ದರಿಂದ ಇದ್ದೇನೆ’ ಅಷ್ಟೇ. ಪುಟ ತಿರುಗಿಸಿದರೆ ಮುಂದಿನ ತತ್ತ್ವಜ್ಞಾನಿ ಸ್ಪಿನೋಜಾ. ನನಗಂತೂ ಡೆಕಾರ್ಟ್‌ಗಿಂತ ಅವನಿಗೆ ಕಾಗದ ಬರೆದ ಬೊಹೀಮಿಯಾದ (ಈಗಿನ ಚೆಕ್ ದೇಶದ ಭಾಗ) ರಾಜಕುಮಾರಿ ಎಲಿಜಬೆತ್ ಹೆಚ್ಚು ಇಷ್ಟ. ರಾಜ್ಯ ಕಳೆದುಕೊಂಡ ಕುಟುಂಬ, ನೆದರ್‌ಲೆಂಡ್ಸ್‌ನ ಹೇಗ್‌ನಲ್ಲಿ ವಾಸ, ವಯಸ್ಸು 24. 1643ರ ಮೇ ತಿಂಗಳಲ್ಲಿ ಅವಳು ನೇರವಾಗಿ ಕೇಳಿದಳು: ಆತ್ಮ ಜಡವಸ್ತುವಲ್ಲ, ಜಾಗವನ್ನೂ ಆಕ್ರಮಿಸುವುದಿಲ್ಲ ಅನ್ನುತ್ತೀರಿ, ಹಾಗಿದ್ದರೆ ಅದು ದೇಹವನ್ನು ಅಲುಗಾಡಿಸುವುದು ಹೇಗೆ? ಡೆಕಾರ್ಟ್ ವಸ್ತುಗಳ ಭಾರದ ಉದಾಹರಣೆ ಕೊಟ್ಟ: ಭಾರ ಯಾವುದನ್ನೂ ಮುಟ್ಟಿ ತಳ್ಳದೆಯೇ ವಸ್ತುವನ್ನು ಕೆಳಕ್ಕೆ ಒಯ್ಯುತ್ತದೆ ಅಂತ ನಾವು ಅಂದುಕೊಳ್ಳುತ್ತೇವಲ್ಲ, ಆತ್ಮ ದೇಹವನ್ನು ಅಲುಗಾಡಿಸುವುದನ್ನೂ ಹಾಗೆಯೇ ಊಹಿಸಿಕೊಳ್ಳಿ ಅಂತ. ಅವಳಿಗೆ ಅದು ಸಾಲಲಿಲ್ಲ (ನನಗೂ ಸಾಲಲಿಲ್ಲ ಬಿಡಿ). ಇದನ್ನು ನಂಬುವುದಕ್ಕಿಂತ ಆತ್ಮವೂ ಜಡವಸ್ತುವೇ ಎಂದು ಒಪ್ಪುವುದೇ ಸುಲಭ ಅಂತ ತಿರುಗಿ ಬರೆದಳು. ಈ ಪತ್ರವ್ಯವಹಾರ 1649ರವರೆಗೂ ನಡೆಯಿತು. ಎಲ್ಲಿಂದ ಓದಲು ಶುರು ಮಾಡಲಿ ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಈ ಕಾಗದಗಳನ್ನೇ.