ಆವತ್ತು ನಾನು ಅತ್ತಿದ್ದು ಯಾವುದಕ್ಕಪ್ಪಾ?

ನಾನು ಧಾರಾವಾಹಿಗಳಿಗೆ ಚಿತ್ರಕಥೆ, ಸಂಭಾಷಣೆ ಬರೆಯುತ್ತೇನೆ. ಬೇರೆಯವರು ಅರ್ಧಕ್ಕೆ ಬಿಟ್ಟ ಕಥೆ ಕೈಗೆ ಬರುವುದು ಇಲ್ಲಿ ಮಾಮೂಲು.

ಒಮ್ಮೆ 400 ಸಂಚಿಕೆ ದಾಟಿದ ಕಥೆ ಬಂತು. ಅದರಲ್ಲಿ ಊರೇ ನಂಬುವ ಒಬ್ಬ ಮೇಷ್ಟ್ರು. ಹಿಂದಿನ ಬರಹಗಾರರು ಅವರ ಬಾಯಲ್ಲಿ ಕೋರ್ಟಿನಲ್ಲಿ ಒಂದು ಸುಳ್ಳು ಹೇಳಿಸಿದ್ದರು. ನಮ್ಮ ಮೇಷ್ಟ್ರು ಹೀಗೆ ಮಾಡ್ತಾರಾ ಅಂತ ನೋಡುಗರಿಗೆ ಸಿಟ್ಟು ಬಂತು, ಟಿಆರ್‌ಪಿ ಇಳಿಯಿತು. ನಾನು ಸೇರಿದ ಎರಡನೇ ವಾರಕ್ಕೇ ಅದನ್ನು ಅಳಿಸಿಬಿಟ್ಟೆ. ಮೇಷ್ಟ್ರು ಹೇಳಿದ್ದು ನಿಜವೇ ಆಗಿತ್ತು, ಸಾಕ್ಷಿ ತಿರುಚಿದ್ದು ಬೇರೆಯವರು ಅಂತ ಬರೆದೆ. ಚಾನೆಲ್‌ನವರಿಗೆ ಖುಷಿ. ಆದರೆ ಆ ಪಾತ್ರ ಮಾಡುತ್ತಿದ್ದ ಹಿರಿಯ ಕಲಾವಿದರು ಸ್ಕ್ರಿಪ್ಟ್ ಹಿಡಿದುಕೊಂಡು ಬಂದು ಕೇಳಿದರು: "ಹಾಗಾದ್ರೆ ಕೋರ್ಟಿಂದ ಬಂದು ಹೆಂಡತಿ ಫೋಟೊ ಮುಂದೆ ಆವತ್ತು ನಾನು ಅತ್ತಿದ್ದು ಯಾವುದಕ್ಕಪ್ಪಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ಸ್ಟಾರ್ ವಾರ್ಸ್ ಅನ್ನೋ ಹಾಲಿವುಡ್‌ನ ಬಾಹ್ಯಾಕಾಶ ಚಿತ್ರಸರಣಿ ನನಗೆ ಚಿಕ್ಕಂದಿನಿಂದ ಹುಚ್ಚು. 2012ರಲ್ಲಿ ಡಿಸ್ನಿ ಸುಮಾರು 405 ಕೋಟಿ ಡಾಲರ್ ಕೊಟ್ಟು ಅದನ್ನು ತಯಾರಿಸುವ ಲೂಕಾಸ್‌ಫಿಲ್ಮ್ ಕಂಪನಿಯನ್ನು ಕೊಂಡಿತು. ಮುಂದಿನ ಭಾಗಗಳಿಗೆ ಸರಣಿ ಹುಟ್ಟುಹಾಕಿದ ಜಾರ್ಜ್ ಲೂಕಾಸ್ ಮಾಡಿಟ್ಟಿದ್ದ ಕಥೆ ಬಿಟ್ಟು ಬೇರೆ ದಾರಿ ಹಿಡಿಯಿತು. 2015ರ ಚಿತ್ರ ಜೆ.ಜೆ. ಏಬ್ರಮ್ಸ್ ಮಾಡಿದರು, 2017ರದ್ದು ರಯಾನ್ ಜಾನ್ಸನ್, 2019ರದ್ದು ಮತ್ತೆ ಏಬ್ರಮ್ಸ್. ನಾಯಕಿ ರೇ ಯಾರ ಮಗಳು ಅಂತ ಮೊದಲನೆಯದು ಕುತೂಹಲ ಹುಟ್ಟಿಸಿತು. ಎರಡನೆಯದರಲ್ಲಿ ತನ್ನ ಅಪ್ಪ ಅಮ್ಮ ಯಾರೂ ಅಲ್ಲದವರು ಅಂತ ಅವಳೇ ಅಳುತ್ತಾ ಒಪ್ಪಿಕೊಳ್ಳುತ್ತಾಳೆ, ನನಗೆ ತುಂಬಾ ಇಷ್ಟವಾದ ದೃಶ್ಯ. ಮೂರನೆಯದರಲ್ಲಿ, 1983ರ ಚಿತ್ರದಲ್ಲೇ ಸತ್ತ ಅಂದುಕೊಂಡಿದ್ದ ದುಷ್ಟ ಚಕ್ರವರ್ತಿ ಪಾಲ್ಪಟೀನ್ ವಾಪಸ್ ಬರುತ್ತಾನೆ, ರೇ ಅವನ ಮೊಮ್ಮಗಳಂತೆ! ಅವಳ ಆ ಕಣ್ಣೀರಿಗೆ ಬೆಲೆಯೇ ಉಳಿಯಲಿಲ್ಲ. ಮೇಷ್ಟ್ರಿಗೆ ನಾನು ಮಾಡಿದ್ದೂ ಅದನ್ನೇ ಅಲ್ವಾ?

2017ರ ಚಿತ್ರದ ಮೇಲೆ ಜನರಿಗೆ ಜಾಸ್ತಿ ಸಿಟ್ಟಿದೆ. ಹಳೆಯ ಚಿತ್ರಗಳ ನಾಯಕ ಲ್ಯೂಕ್ ತನ್ನ ಕತ್ತಿಯನ್ನು ಹಿಂದಕ್ಕೆ ಎಸೆದುಬಿಡುತ್ತಾನೆ ಅಂತ. ಲ್ಯೂಕ್ ಪಾತ್ರ ಮಾಡಿದ ಮಾರ್ಕ್ ಹ್ಯಾಮಿಲ್ ಅವರೇ ಆಗ ತಮ್ಮ ಅಸಮಾಧಾನ ಹೇಳಿಕೊಂಡಿದ್ದರು. ಆ ಸಿಟ್ಟು ನನಗೆ ಅರ್ಥವಾಗುತ್ತದೆ, ಮೂವತ್ತು ಚಿಲ್ಲರೆ ವರ್ಷದ ಪ್ರೀತಿ ಅದು. ಆದರೆ 1983ರ ಚಿತ್ರವನ್ನು ಇನ್ನೊಮ್ಮೆ ನೋಡಿ. ಅಪ್ಪನನ್ನು ಕೊಲ್ಲಲ್ಲ ಅಂತ ಚಕ್ರವರ್ತಿಯ ಮುಂದೆಯೇ ಲ್ಯೂಕ್ ಕತ್ತಿ ಎಸೆಯುತ್ತಾನೆ. 2017ರದ್ದರ ಕೊನೆಯಲ್ಲೂ ಅವನು ಯಾರಿಗೂ ಒಂದೇಟೂ ಹಾಕದೆ ಇಡೀ ಸೈನ್ಯವನ್ನು ತಡೆದು ನಿಲ್ಲಿಸುತ್ತಾನೆ. ಜಾನ್ಸನ್ ಹೊಸದನ್ನು ಬರೆದರು ನಿಜ, ಬೇರು ಮಾತ್ರ ಹಳೆಯದರಲ್ಲೇ ಇತ್ತು.

ಆ ಧಾರಾವಾಹಿ ಮುಗಿದ ಮೇಲೆ ಹಿಂದಿನ ಬರಹಗಾರರಿಗೆ ಫೋನ್ ಮಾಡಿದೆ. ಮೇಷ್ಟ್ರು ಯಾಕೆ ಸುಳ್ಳು ಹೇಳಿದ್ರು ಸರ್ ಅಂತ ಕೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಮೊದಲನೇ ವಾರದಲ್ಲೇ ಒಬ್ಬ ಬಡ ಹುಡುಗನ್ನ ಉಳಿಸೋಕೆ ಅವನ ಮಾರ್ಕ್ಸ್ ತಿದ್ದಿದ್ರಲ್ಲ, ನೋಡಿಲ್ವಾ?" ಅಂದರು.

ನೋಡಿರಲಿಲ್ಲ. ಕೊನೆಯ 50 ಸಂಚಿಕೆಗಳನ್ನಷ್ಟೇ ಓದಿಕೊಂಡು ನಾನು ಬರೆಯಲು ಕೂತಿದ್ದೆ.