ವಿಲ್ ಮಾಡಿಸ್ಲಾ ಟ್ರಸ್ಟ್ ಮಾಡಿಸ್ಲಾ ಅಂತ ಕೇಳೋರಿಗೆಲ್ಲ

ವಕೀಲ ಅಂತ ಗೊತ್ತಾದ್ರೆ ಸಾಕು, ದಾವಣಗೆರೇಲಿ ಯಾರ್ ಸಿಕ್ಕಿದ್ರೂ ಇದೇ ಪ್ರಶ್ನೆ. ಅದೂ ಹೆಂಗೆ, ಬೆಣ್ಣೆ ದೋಸೆನಾ ಓಪನ್ ದೋಸೆನಾ ಅಂತ ಕೇಳ್ದಂಗೆ. ಬರ್ದು ಹಾಕ್ತಿದೀನಿ, ಇನ್ಮೇಲೆ ಕೇಳಿದೋರಿಗೆ ಲಿಂಕ್ ಅಷ್ಟೇ.

ನೂರಕ್ಕೆ ತೊಂಬತ್ತು ಮನೆಗೆ ವಿಲ್ (ನಿಮ್ಮ ನಂತ್ರ ಆಸ್ತಿ ಯಾರಿಗೆ ಅಂತ ಬರ್ದಿಡೋ ಉಯಿಲು) ಸಾಕು ಕಣ್ರಿ. ಬಿಳಿ ಹಾಳೆ ಮೇಲೆ ಬರ್ದು ನೀವು ಸಹಿ ಹಾಕಿ ಇಬ್ರು ಸಾಕ್ಷಿ ಹಾಕಿದ್ರೆ ಆಯ್ತು, ಸ್ಟಾಂಪ್ ಪೇಪರ್ ಬೇಡ, ರಿಜಿಸ್ಟರ್ರೂ ಕಡ್ಡಾಯ ಅಲ್ಲ (ಆದ್ರೂ ಮಾಡ್ಸಿ, ಅಣ್ಣತಮ್ಮಂದ್ರನ್ನ ನಂಬಬೇಡಿ), ಇರೋವರೆಗೂ ಎಷ್ಟ್ ಸಲ ಬೇಕಾದ್ರೂ ಬದಲಾಯಿಸಿ, ಕೊನೇದೇ ನಡೆಯೋದು. ಟ್ರಸ್ಟ್ ಅಂದ್ರೆ 1882ರ ಕಾಯ್ದೆ, ಆಸ್ತಿನ ಬದುಕಿದ್ದಾಗ್ಲೇ ಟ್ರಸ್ಟಿ (ಬೇರೆಯೋರ ಪರವಾಗಿ ಆಸ್ತಿ ನೋಡ್ಕೊಳ್ಳೋರು) ಕೈಗೆ ಕೊಡ್ಬೇಕು, ಮನೆ ಜಮೀನು ಆದ್ರೆ ರಿಜಿಸ್ಟರ್ ಆಗ್ಲೇಬೇಕು, ಆಮೇಲೆ ಲೆಕ್ಕಪತ್ರದ ಗೋಳು. ತನ್ನನ್ನ ತಾನು ನೋಡ್ಕೊಳ್ಳೋಕಾಗದ ಮಗು ಮನೇಲಿದ್ರೆ ಮಾತ್ರ ಖಂಡಿತ ಯೋಚ್ನೆ ಮಾಡಿ. ವಿಲ್ ಒಳಗೇ, ಸತ್ತ ಮೇಲೆ ಶುರುವಾಗೋ ಹಂಗೆ, ಟ್ರಸ್ಟ್ ಬರೀಬಹುದು ಅಂತ್ಲೂ ಇದೆ, ಅದನ್ನ ಒಬ್ರೂ ಕೇಳಲ್ಲ.

ಒಂದ್ ಮದುವೆ ಪಂಕ್ತೀಲಿ ಚನ್ನಗಿರಿ ಕಡೆ ಅಡಿಕೆ ತೋಟದ ಯಜಮಾನ್ರು, ಹೋಳಿಗೆ ಮೇಲೆ ತುಪ್ಪ ಹಾಕಿಸ್ಕೋತಾ, "ಎರಡ್ರಲ್ಲಿ ಯಾವ್ದು ಸ್ಟ್ರಾಂಗು?" ಅಂದ್ರು. ಯಾತಕ್ಕೆ ಸ್ಟ್ರಾಂಗು ಅಂದೆ. ದನಿ ಇಳಿಸಿ, "ಹೆಣ್ಮಕ್ಳು ನಾಳೆ ಕೇಸ್ ಹಾಕ್ಬಾರ್ದು." ಅವರ ದೊಡ್ಡ ಮಗಳು ಎರಡೆಲೆ ಆಚೆ ಕೋಸಂಬರಿ ಬಡಿಸ್ತಿದ್ಲು.

ಇದ್ ನೋಡಿ ಅಸಲಿ ವಿಷ್ಯ. ತೋಟ ಅವರಜ್ಜಂದು. ಹಿಂದೂ ಮನೆತನದ ಪಿತ್ರಾರ್ಜಿತದಲ್ಲಿ ಹೆಣ್ಮಕ್ಳಿಗೂ ಹುಟ್ಟಿನಿಂದ್ಲೇ ಪಾಲು, ನಮ್ ರಾಜ್ಯ 1994ರಲ್ಲೇ ತಿದ್ದುಪಡಿ ತಂದಿತ್ತು (ಆಗ ಮದುವೆಯಾಗಿ ಹೋಗಿದ್ದೋರಿಗೆ ಇರ್ಲಿಲ್ಲ), 2005ರಲ್ಲಿ ದೇಶಕ್ಕೆಲ್ಲ ಬಂತು, 2005ರಲ್ಲಿ ಅಪ್ಪ ಬದುಕಿರ್ಲೇಬೇಕು ಅಂತಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ವಿಲ್ಲಲ್ಲಿ ನಿಮ್ ಪಾಲಷ್ಟೇ ಬರೀಬಹುದು, ವಿಲ್ ಬರೀರಿ ಟ್ರಸ್ಟ್ ಬರೀರಿ, ಮಗಳ ಪಾಲನ್ನ ಯಾವ ಕಾಗದದಲ್ಲೂ ಬರಿಯೋಕಾಗಲ್ಲ. "ಇದ್ರಲ್ಲಿ ನಂದೆಷ್ಟು?" ಅಂತ ಯಾರಾದ್ರೂ ಮೊದ್ಲು ಕೇಳಿದ್ರೆ ನಾನೇ ಹೋಳಿಗೆ ಬಡಿಸ್ತೀನಿ.

ಆ ಯಜಮಾನ್ರು ವಾರ ಬಿಟ್ಟು ಫೋನ್ ಮಾಡಿ ದಾನಪತ್ರ ಮಾಡಿದ್ರೆ ಹೆಂಗೆ ಅಂದ್ರು. ಮಗಳ ಪಾಲನ್ನ ಅದ್ರಲ್ಲೂ ಬರಿಯೋಕಾಗಲ್ಲ ಅಂದೆ, ನಂಬ್ಲಿಲ್ಲ.

ಬರೋರು ಪಹಣಿ ಒಂದೇ ಹಿಡ್ಕೊಂಡು ಬರ್ಬೇಡಿ. ಅದ್ರಲ್ಲಿ ಹೆಸ್ರಿದ್ದ ಮಾತ್ರಕ್ಕೆ ಪೂರ್ತಿ ನಿಮ್ದು ಅಂತಲ್ಲ. ಆಸ್ತಿ ನಿಮಗೆ ಹೆಂಗ್ ಬಂತು, ಕ್ರಯಪತ್ರನಾ, ಪಾಲುಪಟ್ಟಿನಾ, ಬರೀ ಪವತಿ ಖಾತೆನಾ (ತೀರ್ಕೊಂಡೋರ ಹೆಸ್ರಿಂದ ನಿಮ್ ಹೆಸ್ರಿಗೆ ಬದಲಾಗಿದ್ದಾ), ಆ ಕಾಗ್ದ ತನ್ನಿ, ಆಮೇಲೆ ಮಾತಾಡಣ.