ಅಜ್ಜಿ ಹೇಳಿದ್ದಕ್ಕೂ ಹೆಸರು ಹಾಕಿ

ನಾನು ಮಡಿಕೇರಿಯಲ್ಲಿ ಡಿಗ್ರಿ ಮಕ್ಕಳಿಗೆ ಇತಿಹಾಸ ಕಲಿಸುತ್ತೇನೆ. ಈ ಸಲದ ಅಸೈನ್‌ಮೆಂಟ್ ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯ ಬಗ್ಗೆ. ಬಂದದ್ದರಲ್ಲಿ ಜಾಸ್ತಿ ಪಾಲು ಇಂಟರ್‌ನೆಟ್ಟಿನ ಸಾಲುಗಳೇ. "ಪದಗಳನ್ನ ಬದಲಾಯಿಸಿದ್ದೀನಲ್ಲ ಮೇಡಂ" ಅಂದಳು ಒಬ್ಬಳು. ಪದ ಬದಲಾದರೂ ವಿಚಾರ ಬೇರೆಯವರದ್ದೇ ಅಲ್ವಾ? ಮೂಲ ಹೇಳಲೇಬೇಕು. ಸಾಲನ್ನು ಹಾಗೇ ಎತ್ತಿಕೊಂಡರೆ ಉದ್ಧರಣ ಚಿಹ್ನೆಯೂ ಬೇಕು.

ನನಗೆ ತುಂಬಾ ಇಷ್ಟವಾದದ್ದು ಒಬ್ಬ ಹುಡುಗನ ಬರಹ. ಕದಿರು ತೆಗೆಯುವ ಕ್ರಮವನ್ನು ಅಜ್ಜಿಯಿಂದ ಕೇಳಿ ಬರೆದಿದ್ದ. ಆದರೆ ಅಜ್ಜಿಯ ಹೆಸರೇ ಇಲ್ಲ! ಪುಸ್ತಕ ಅಲ್ಲವಲ್ಲ ಎಂದು ಬಿಟ್ಟನಂತೆ. ಅವರ ಒಪ್ಪಿಗೆ ಕೇಳಿ ಹೆಸರು, ಊರು, ಮಾತಾಡಿಸಿದ ದಿನಾಂಕ ಹಾಕಿಸಿದೆ. ನಡಿಕೇರಿಯಂಡ ಚಿಣ್ಣಪ್ಪನವರ ಕೊಡವ ಹಾಡುಗಳ ಸಂಗ್ರಹ ‘ಪಟ್ಟೋಲೆ ಪಳಮೆ’ (1924) ಕೂಡ ಜನರ ಬಾಯಿಂದ ಕೇಳಿ ಕೂಡಿಸಿದ್ದೇ. ಅದರಿಂದ ಹಾಡು ತೆಗೆದುಕೊಂಡು ಸುಮ್ನೆ ‘ಜಾನಪದ’ ಎಂದು ಬರೆದರೆ ಸಾಲದು. ಸಂಗ್ರಹಿಸಿದವರ ಹೆಸರು, ನಿಮ್ಮ ಕೈಲಿರುವ ಮುದ್ರಣದ ವರ್ಷ, ಪುಟ ಎಲ್ಲ ಬರಬೇಕು.

ಮುಂದೆ ಪಿಎಚ್‌ಡಿ ಮಾಡುವವರಿಗೆ ಒಂದು ಮಾತು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಂತೆ ಬೇರೆಯವರ ಬರಹದ ಜೊತೆ ಶೇ 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ. ಶೇ 60 ದಾಟಿದರೆ ನೋಂದಣಿಯೇ ರದ್ದು. ಮೂಲ ಸರಿಯಾಗಿ ಹೇಳಿ ಉದ್ಧರಿಸಿದ ಭಾಗ ಈ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಓದುವಾಗಲೇ ಪುಟ ಸಂಖ್ಯೆ ಗುರುತು ಹಾಕಿಕೊಳ್ಳಿ.